ಗೇಟಿಗೆ ನಾಯಿಗಿಂತ ಮೊದಲು ಕಾಗದ ಹೋಗಲಿ

ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರಿಗೆ ನೆರವಾಗಲು ತರಬೇತಿ ಪಡೆದ ನಾಯಿಯೇ ‘ಸರ್ವಿಸ್ ಡಾಗ್’, ಅಂದರೆ ಸಹಾಯಕ ನಾಯಿ. ಮಾನಸಿಕ ಕಾಯಿಲೆ ಇರುವವರು ಅದನ್ನು ಜೊತೆಗೆ ಕರೆದೊಯ್ಯುವ ಬಗ್ಗೆ ಈ ಬರಹ. ಆನ್‌ಲೈನ್‌ನಲ್ಲಿ ಮಾರುವ ‘ಸರ್ವಿಸ್ ಡಾಗ್ ರಿಜಿಸ್ಟ್ರೇಷನ್’ ಕಾರ್ಡಿಗೆ ದುಡ್ಡು ಸುರಿಯಬೇಡಿ. ಅದರಲ್ಲಿ ನಾಯಿಯ ಫೋಟೊ, ಕ್ಯೂಆರ್ ಕೋಡ್, ಹೊಳೆಯುವ ಮುದ್ರೆ ಎಲ್ಲ ಇರುತ್ತದೆ, ಕಾನೂನಿನ ಬಲ ಮಾತ್ರ ಇರುವುದಿಲ್ಲ. ಭಾರತದಲ್ಲಿ ಇಂಥ ನಾಯಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸರ್ಕಾರಿ ವ್ಯವಸ್ಥೆಯೇ ಇಲ್ಲ. ಅಮೆರಿಕದಲ್ಲೂ ಈ ಕಾರ್ಡಿಗೆ ಕಿಮ್ಮತ್ತಿಲ್ಲ. ಅಲ್ಲಿನ ವಿಕಲಚೇತನರ ಕಾಯ್ದೆ ಎಡಿಎ ನೋಂದಣಿಯನ್ನು ಕೇಳುವುದೇ ಇಲ್ಲ. ಅಂಗಡಿಯವರು ಎರಡು ಪ್ರಶ್ನೆ ಕೇಳಬಹುದು, ಅಷ್ಟೇ: ಈ ನಾಯಿ ಅಂಗವೈಕಲ್ಯದ ಕಾರಣಕ್ಕೆ ಬೇಕಾದದ್ದೇ? ಯಾವ ಕೆಲಸ ಮಾಡಲು ಇದಕ್ಕೆ ತರಬೇತಿ ಕೊಟ್ಟಿದೆ? ಕಾಗದ ತೋರಿಸಿ ಎನ್ನುವಂತಿಲ್ಲ, ಇಲ್ಲೇ ಮಾಡಿಸಿ ತೋರಿಸಿ ಎನ್ನುವಂತೆಯೂ ಇಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಆ ದೇಶದವು. ಅದನ್ನು ಓದಿಕೊಂಡು ಮೈಸೂರಿನ ಮಾಲ್ ಬಾಗಿಲಲ್ಲಿ ‘ನನಗೆ ಹಕ್ಕಿದೆ’ ಎಂದು ನಿಂತರೆ ಕಾವಲಿನವರಿಗೆ ಏನೂ ಅರ್ಥವಾಗುವುದಿಲ್ಲ. ಮಾತು ಬೆಳೆಯುತ್ತದೆ, ಜನ ಸೇರುತ್ತಾರೆ. ಗಾಬರಿಯ ಕಾಯಿಲೆ ಇರುವವರಿಗೆ ಅದಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲ. ಆದ್ದರಿಂದ ನಮ್ಮಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮೊದಲು ನೇರವಾಗಿ ತಿಳಿದುಕೊಳ್ಳೋಣ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಅನುಸೂಚಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸಹಾಯಕ ನಾಯಿಯ ಬಗ್ಗೆ ಆ ಕಾಯ್ದೆಯಲ್ಲಿ ಪ್ರತ್ಯೇಕ ಸೆಕ್ಷನ್ ಇಲ್ಲ. ಅಂದರೆ ಇಲ್ಲಿ ನಾಯಿಗೆ ಯಾವ ಸ್ಥಾನವೂ ಇಲ್ಲ, ಹಕ್ಕು ಇರುವುದು ಅದನ್ನು ಹಿಡಿದವರಿಗೆ. ಆ ಹಕ್ಕಿನ ಹೆಸರು ‘ಸಮಂಜಸ ಹೊಂದಾಣಿಕೆ’. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ, ಆ ಒಬ್ಬ ವ್ಯಕ್ತಿಗೆ ಬೇಕಾದಷ್ಟು ನಿಯಮ ಸಡಿಲಿಸುವುದು ಅಥವಾ ಬದಲಿಸುವುದು. ಸೆಕ್ಷನ್ 2ರ ವ್ಯಾಖ್ಯೆಯ ಪ್ರಕಾರ ಈ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ. ನಾವು ಹಿಡಿದುಕೊಳ್ಳಬೇಕಾದ ದಾರ ಇದೊಂದೇ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 9 ಮತ್ತು 20ನೇ ವಿಧಿಗಳು ‘ಜೀವಂತ ನೆರವು’ ಎಂಬ ಮಾತನ್ನು ಬಳಸುತ್ತವೆ. ಅರ್ಜಿಯಲ್ಲಿ ಅದನ್ನೂ ಒಂದು ಸಾಲು ಸೇರಿಸಿ.

ಇನ್ನೊಂದು ತಪ್ಪು ತಿಳಿವಳಿಕೆ ತುಂಬಾ ಜನರನ್ನು ಮನೆಯಲ್ಲೇ ಕೂರಿಸಿದೆ: ‘ವೈದ್ಯರ ಅಳತೆಯಲ್ಲಿ ವೈಕಲ್ಯ 40 ಪರ್ಸೆಂಟ್ ಬಂದಿಲ್ಲ, ಹಾಗಾಗಿ ನಮಗೇನೂ ಸಿಗುವುದಿಲ್ಲ’ ಎನ್ನುವುದು. ಉದ್ಯೋಗ ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ ಮಾತ್ರ 40 ಶೇಕಡ ಬೇಕು. ಸಮಂಜಸ ಹೊಂದಾಣಿಕೆಗೆ ಆ ಗೆರೆ ಇಲ್ಲ ಎಂಬುದು 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಸ್ಪಷ್ಟವಾಗಿದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯಿರುವ ನೌಕರನಿಗೂ ಈ ಕಾಯ್ದೆಯ ರಕ್ಷಣೆ ಸಲ್ಲುತ್ತದೆ ಎಂದು ಕೋರ್ಟು ಎತ್ತಿಹಿಡಿಯಿತು. ಈ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು, ವಕೀಲರಿಗೆ ಉಳಿದದ್ದು ಸಿಗುತ್ತದೆ.

ಕೆಲಸ ಯಾವುದು, ಸಾಂತ್ವನ ಯಾವುದು

ನಾಯಿ ಪಕ್ಕದಲ್ಲಿದ್ದರೆ ಮನಸ್ಸಿಗೆ ಹಗುರ ಎನಿಸುವುದು ನಿಜವೇ. ಆದರೆ ಎಲ್ಲ ಸಾಕುನಾಯಿಗಳೂ ಅಷ್ಟು ಮಾಡುತ್ತವೆ. ಅದರ ಮೇಲೆ ಹಕ್ಕು ಕೇಳಿದರೆ ವಾದ ನಿಲ್ಲುವುದಿಲ್ಲ. ಕಲಿಸಿದ ಕೆಲಸ ಇರಬೇಕು, ಅದು ಕಾಯಿಲೆಯ ಯಾವುದೋ ಒಂದು ತೊಂದರೆಗೆ ನೇರವಾಗಿ ಹೊಂದಬೇಕು. ಕಾಲು ಅಲುಗಾಡಿಸುವುದು, ಚರ್ಮ ಕೆರೆದುಕೊಳ್ಳುವುದು ಶುರುವಾದಾಗ ಮೂತಿಯಿಂದ ಮಂಡಿ ತಟ್ಟಿ ತಡೆಯುವುದು ಒಂದು ಕೆಲಸ. ಗಾಬರಿಯ ಹೊತ್ತಿನಲ್ಲಿ ಮುಂಗಾಲು, ಎದೆಯ ಭಾರವನ್ನು ತೊಡೆಯ ಮೇಲೆ ಹಾಕಿ ಒತ್ತುವುದು ಇನ್ನೊಂದು. ದುಃಸ್ವಪ್ನದಿಂದ ಎಬ್ಬಿಸುವುದು, ಅಲಾರಾಂ ಬಡಿದಾಗ ಔಷಧಿಯ ಚೀಲ ತಂದು ಕೊಡುವುದು, ಗುಂಪಿನಿಂದ ಬಾಗಿಲ ಕಡೆಗೆ ಎಳೆದೊಯ್ಯುವುದು, ಸಾಲಿನಲ್ಲಿ ಹಿಂದೆ ಅಡ್ಡ ನಿಂತು ಜಾಗ ಬಿಡಿಸುವುದು ಕೂಡ ಕೆಲಸಗಳೇ. ಮೂರು ಕೆಲಸ ಗಟ್ಟಿಯಾಗಿ ಬಂದರೆ ಸಾಕು, ಹತ್ತು ಅರೆಬರೆ ಬೇಡ.

ಮಂಡಿ ತಟ್ಟುವುದನ್ನು ಕಲಿಸುವ ಕ್ರಮ ಹೀಗೆ. ಮೊದಲು ಅಂಗೈಗೆ ಮೂತಿ ಮುಟ್ಟಿಸುವುದು, ಮುಟ್ಟಿದ ಕ್ಷಣಕ್ಕೆ ತಿನಿಸು. ಒಂದು ಸಲಕ್ಕೆ 10 ಪ್ರಯತ್ನ, ದಿನಕ್ಕೆ ಮೂರು ಸಲ, ಅದಕ್ಕಿಂತ ಹೆಚ್ಚು ಬೇಡ. ಹತ್ತರಲ್ಲಿ ಎಂಟು ಸರಿಯಾದ ಮೇಲೆ ಅಂಗೈಯನ್ನು ಮಂಡಿಯ ಮೇಲಿಡಿ, ಆಮೇಲೆ ಅಂಗೈ ತೆಗೆಯಿರಿ. ಈಗ ಬೇಕೆಂದೇ ಕಾಲು ಅಲುಗಾಡಿಸಿ ಕಾಯಿರಿ. ಇಲ್ಲೇ ಹೆಚ್ಚಿನವರು ಎಡವುವುದು: ಕಾಲು ಅಲ್ಲಾಡದಿದ್ದಾಗಲೂ ನಾಯಿ ಬಂದು ತಟ್ಟುತ್ತದೆ, ಮುದ್ದು ಎಂದುಕೊಂಡು ಮನೆಯವರು ತಿನಿಸು ಕೊಡುತ್ತಾರೆ. ಎರಡೇ ವಾರದಲ್ಲಿ ಅದು ಬಿಸ್ಕತ್ತು ಕೇಳುವ ಗಂಟೆಯಾಗಿಬಿಡುತ್ತದೆ. ಕಾಲು ಅಲ್ಲಾಡಿದಾಗ ಮಾತ್ರ ತಿನಿಸು, ಉಳಿದ ಹೊತ್ತು ಮುಖ ಕೂಡ ತಿರುಗಿಸಬಾರದು. ಮನೆಯಲ್ಲಿ ಅಜ್ಜಿ, ಮಕ್ಕಳು ಎಲ್ಲರೂ ಇದಕ್ಕೆ ಒಪ್ಪಬೇಕು.

ಆಜ್ಞೆಗೆ ಕನ್ನಡದ ಪದವೇ ಇರಲಿ, ಆದರೆ ಬೀದಿಯಲ್ಲಿ ಎಲ್ಲರೂ ಆಡುವ ‘ಬಾ’, ‘ಕೂರು’ ಬೇಡ. ದೇವರಾಜ ಮಾರುಕಟ್ಟೆಯಲ್ಲಿ ನಿಮಿಷಕ್ಕೆ ಹತ್ತು ಜನ ‘ಬಾ ಬಾ’ ಎನ್ನುತ್ತಿರುತ್ತಾರೆ. ಭಾರ ಹಾಕಲು ‘ಮಡಿಲು’, ಹೊರಗೆ ಕರೆದೊಯ್ಯಲು ‘ಹೊಸ್ತಿಲು’ ಎಂಬಂಥ ಪದಗಳು ಚೆನ್ನ.

ಎಷ್ಟು ತರಬೇತಿ ಸಾಕು? ಸಹಾಯಕ ನಾಯಿ ಬಳಕೆದಾರರ ಅಂತರರಾಷ್ಟ್ರೀಯ ಸಂಘಟನೆ ಐಎಎಡಿಪಿ ಹೇಳುವ ಕನಿಷ್ಠ ಮಟ್ಟ ಆರು ತಿಂಗಳಲ್ಲಿ 120 ಗಂಟೆ, ಅದರಲ್ಲಿ 30 ಗಂಟೆ ಸಾರ್ವಜನಿಕ ಜಾಗಗಳಲ್ಲಿ. ಅದು ಕನಿಷ್ಠ. ಮರಿಯಿಂದ ಶುರು ಮಾಡಿದರೆ ಒಂದೂವರೆ ಎರಡು ವರ್ಷ ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳಿ. ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಜಾಗ, ಎಷ್ಟು ನಿಮಿಷ, ಯಾವ ಕೆಲಸ, ಎಷ್ಟರಲ್ಲಿ ಎಷ್ಟು ಸರಿ, ಏನು ತಪ್ಪಾಯಿತು ಎಂದು ಬರೆಯುತ್ತ ಹೋಗಿ. ಪ್ರಮಾಣಪತ್ರವೇ ಇಲ್ಲದ ದೇಶದಲ್ಲಿ ಈ ನೋಟುಬುಕ್ಕೇ ನಿಮ್ಮ ಸಾಕ್ಷಿ. ಪ್ಲಾಸ್ಟಿಕ್ ಕಾರ್ಡಿಗಿಂತ ಇದಕ್ಕೆ ನೂರು ಪಾಲು ತೂಕ.

ಕಾಗದಗಳು

ಮೊದಲನೆಯದು ಮನೋವೈದ್ಯರ ಪತ್ರ. ‘ಇವರಿಗೆ ನಾಯಿ ಸಾಕಲು ಸಲಹೆ ನೀಡಲಾಗಿದೆ’ ಎಂಬ ಒಂದು ಸಾಲಿನ ಚೀಟಿಯಿಂದ ಏನೂ ಆಗುವುದಿಲ್ಲ. ಪತ್ರದಲ್ಲಿ ಕಾಯಿಲೆಯ ಹೆಸರು ಬೇಕಿಲ್ಲ. ಅದನ್ನು ಗೋಪ್ಯವಾಗಿಡುವ ಹಕ್ಕು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 23ರಲ್ಲಿದೆ. ಬೇಕಾದದ್ದು ತೊಂದರೆ ಮತ್ತು ಕೆಲಸದ ನಂಟು. ವೈದ್ಯರಿಗೆ ಹೀಗೆ ಬರೆದುಕೊಡಲು ಕೇಳಬಹುದು:

‘ಇವರು ನನ್ನ ಚಿಕಿತ್ಸೆಯಲ್ಲಿದ್ದಾರೆ. ಇವರ ಸ್ಥಿತಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿರುವ ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಬರುತ್ತದೆ. ಇದರಿಂದ ಜನಸಂದಣಿಯಲ್ಲಿ ಒಬ್ಬರೇ ಇರಲು, ಸಮಯಕ್ಕೆ ಔಷಧಿ ತೆಗೆದುಕೊಳ್ಳಲು ಇವರಿಗೆ ಗಣನೀಯ ತೊಂದರೆ ಇದೆ. ತರಬೇತಿ ಪಡೆದ ನಾಯಿ ಜೊತೆಗಿದ್ದು ಗಾಬರಿಯ ವೇಳೆ ದೇಹದ ಮೇಲೆ ಒತ್ತಡ ಹಾಕುವುದು, ಹೊರಬಾಗಿಲಿಗೆ ಕರೆದೊಯ್ಯುವುದು, ಔಷಧಿ ನೆನಪಿಸುವುದು ಇವರ ದೈನಂದಿನ ಓಡಾಟಕ್ಕೆ ಅಗತ್ಯ ಎಂಬುದು ನನ್ನ ವೈದ್ಯಕೀಯ ಅಭಿಪ್ರಾಯ. ಆದ್ದರಿಂದ ಸಮಂಜಸ ಹೊಂದಾಣಿಕೆಯಾಗಿ ಅನುಮತಿ ನೀಡಲು ಕೋರುತ್ತೇನೆ.’

ಕೆಳಗೆ ಸಹಿ, ದಿನಾಂಕ, ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ. ವರ್ಷಕ್ಕೊಮ್ಮೆ ಹೊಸದು ಮಾಡಿಸಿ. ಮೂರು ವರ್ಷ ಹಳೆಯ ಪತ್ರ ಕಂಡರೆ ‘ಈಗ ವಾಸಿಯಾಗಿರಬಹುದಲ್ಲ’ ಎನ್ನುತ್ತಾರೆ. ವೈದ್ಯರು ಹೇಳಬೇಕಾದದ್ದು ಅಗತ್ಯವನ್ನು ಮಾತ್ರ. ನಾಯಿಗೆ ಚೆನ್ನಾಗಿ ತರಬೇತಿ ಆಗಿದೆ ಎಂದು ಅವರಿಂದ ಬರೆಸಬೇಡಿ. ತಾವು ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಿದರೆ ಇಡೀ ಪತ್ರದ ಮೇಲೆ ಅನುಮಾನ ಬರುತ್ತದೆ. ಅದನ್ನು ತರಬೇತುದಾರರ ಪತ್ರ ಮತ್ತು ನೋಟುಬುಕ್ಕು ಹೇಳಲಿ.

ಎರಡನೆಯದು ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ವೈದ್ಯಕೀಯ ತಪಾಸಣೆಗೆ ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು), ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು) ಅರ್ಜಿ ತುಂಬಿಕೊಡುತ್ತಾರೆ. ಮಾನಸಿಕ ಕಾಯಿಲೆಯನ್ನು ‘ಐಡಿಯಾಸ್’ ಎಂಬ ಮಾಪನದಿಂದ ಅಳೆಯುತ್ತಾರೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಈ ನಾಲ್ಕಕ್ಕೂ 0ರಿಂದ 4 ಅಂಕ, ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ 1ರಿಂದ 4. ಒಟ್ಟು 7 ಬಂದರೆ ಶೇಕಡ 40 ದಾಟಿದಂತೆ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಆ ದಿನ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿ, ಎಲ್ಲ ಪ್ರಶ್ನೆಗೂ ‘ಪರವಾಗಿಲ್ಲ ಸಾರ್’ ಎಂದು ಬರುವುದು. ಮರ್ಯಾದೆಗೆ ಆಡುವ ಆ ಮಾತು ಅಂಕ ಇಳಿಸುತ್ತದೆ. ಮನೆಯವರೊಬ್ಬರು ಜೊತೆಗಿದ್ದು ಕೆಟ್ಟ ದಿನಗಳು ಹೇಗಿರುತ್ತವೆ ಎಂದು ಹೇಳಬೇಕು. ಹಳೆಯ ಚೀಟಿ, ಡಿಸ್ಚಾರ್ಜ್ ಸಾರಾಂಶ ಎಲ್ಲ ವರ್ಷದ ಕ್ರಮದಲ್ಲಿ ಒಯ್ಯಬೇಕು. ಶೇಕಡ 40ಕ್ಕಿಂತ ಕಡಿಮೆ ಬಂದು ಬಿಳಿ ಕಾರ್ಡು ಸಿಕ್ಕರೂ ಇಟ್ಟುಕೊಳ್ಳಿ, ಅದಕ್ಕೂ ಬೆಲೆ ಇದೆ.

ಮೂರನೆಯದು ನಾಯಿಯ ಕಾಗದ: ರೇಬೀಸ್ ಲಸಿಕೆಯ ಪುಸ್ತಕ, ಪಶುವೈದ್ಯರ ಆರೋಗ್ಯ ಪತ್ರ, ಪಾಲಿಕೆ ಅಥವಾ ನಗರಸಭೆಯ ನಾಯಿ ಪರವಾನಗಿ. ಪರವಾನಗಿ ಇಲ್ಲದೆ ಹಕ್ಕು ಕೇಳಹೊರಟರೆ ಎದುರಿನವರು ಮೊದಲು ಹಿಡಿಯುವುದೇ ಅದನ್ನು. ತಳಿಯ ಬಗ್ಗೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿರ್ಬಂಧಿಸಲು ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಹಾಗಿದ್ದೂ ರಾಟ್‌ವೈಲರ್ ಕಂಡ ಜನ ದೂರ ಸರಿಯುತ್ತಾರೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಸುಲಭ. ಶಾಂತ ಸ್ವಭಾವದ ನಮ್ಮ ನಾಡ ನಾಯಿಯೂ ಚೆನ್ನಾಗಿ ಕಲಿಯುತ್ತದೆ, ಬಿಸಿಲನ್ನೂ ತಾಳುತ್ತದೆ. ಮುಧೋಳ ಅಂದದ ನಾಯಿ, ಆದರೆ ಓಡುವುದೇನಾದರೂ ಕಂಡರೆ ಅಟ್ಟುವ ರಕ್ತ ಅದರದು, ಈ ಕೆಲಸಕ್ಕೆ ಕಷ್ಟ.

ಎಲ್ಲಿ ಏನು ನಡೆಯುತ್ತದೆ

ಬಸ್ಸಿನಲ್ಲಿ ಕೆಎಸ್‌ಆರ್‌ಟಿಸಿ ನಾಯಿಯನ್ನು ಸಾಕುಪ್ರಾಣಿಯಾಗಿಯೇ ಕಾಣುತ್ತದೆ. 2022ರಿಂದ ಅದಕ್ಕೆ ಅರ್ಧ ಟಿಕೆಟ್. ಎಸಿ ಬಸ್ಸು ಹತ್ತಿಸುವ ಯೋಚನೆ ಬೇಡ, ಸಾಮಾನ್ಯ ಬಸ್ಸೇ ದಾರಿ. ಮೈಸೂರು–ಮಂಡ್ಯ ನಡುವೆ ಬಸ್ಸು ಬೇಕಾದಷ್ಟಿವೆ, ಆದ್ದರಿಂದ ಆಫೀಸಿನ ಹೊತ್ತು ಬಿಟ್ಟು ಹೊರಡಿ. ಟಿಕೆಟ್ ಮರೆಯದೆ ಕೇಳಿ ಪಡೆಯಿರಿ. ಟಿಕೆಟ್ ಕೈಯಲ್ಲಿದ್ದರೆ ನಡುದಾರಿಯಲ್ಲಿ ಇಳಿ ಎನ್ನುವುದು ಕಷ್ಟ.

ರೈಲಿನಲ್ಲಿ ನಾಯಿ ನಿಮ್ಮ ಜೊತೆ ಕೂರುವ ಅವಕಾಶ ಇರುವುದು ಎಸಿ ಮೊದಲ ದರ್ಜೆಯಲ್ಲಿ ಮಾತ್ರ, ಅದೂ ಇಬ್ಬರ ಕೂಪೆ ಅಥವಾ ನಾಲ್ವರ ಕ್ಯಾಬಿನ್ ಪೂರ್ತಿ ನಿಮ್ಮದಾಗಿದ್ದರೆ. ಸ್ಲೀಪರ್, ಚೇರ್ ಕಾರ್, ಎಸಿ ಎರಡು ಮತ್ತು ಮೂರನೇ ದರ್ಜೆಗಳಲ್ಲಿ ಬಿಡುವುದಿಲ್ಲ. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿಗೂಡು, ಗಾಬರಿಯ ಹೊತ್ತಿಗೆ ನೆರವಾಗಬೇಕಾದ ನಾಯಿ ಅಲ್ಲಿದ್ದು ಪ್ರಯೋಜನವಿಲ್ಲ. ಟಿಕೆಟ್ ಆದ ಕೂಡಲೇ ಕೂಪೆ ಕೋರಿ, ವೈದ್ಯರ ಪತ್ರ ಲಗತ್ತಿಸಿ ಲಿಖಿತ ಮನವಿ ಕೊಡಿ. ಹೊರಡುವ ದಿನ ಲಸಿಕೆ ಪುಸ್ತಕ, ಆರೋಗ್ಯ ಪತ್ರದೊಡನೆ ಎರಡು ಗಂಟೆ ಮುಂಚೆ ಪಾರ್ಸೆಲ್ ಕಚೇರಿಯಲ್ಲಿರಿ. ಕೂಪೆ ಖಾತ್ರಿಯಾಗುವುದು ಚಾರ್ಟ್ ಬಂದಾಗಲೇ, ಅದಕ್ಕೊಂದು ಪರ್ಯಾಯ ಯೋಚಿಸಿಟ್ಟುಕೊಳ್ಳಿ.

ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ನೆಲೆ ಗಟ್ಟಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ, ಅದಕ್ಕೆಂದು ಬೇರೆ ಶುಲ್ಕ ಹಾಕುವಂತಿಲ್ಲ. ಬಹುಮತದ ನಿರ್ಣಯ ಮಾಡಿದರೂ ಅಷ್ಟೇ. ಹೇಲು ಎತ್ತುವುದು, ಬೊಗಳು ತಡೆಯುವುದು ನಮ್ಮ ಪಾಲಿನ ಕರ್ತವ್ಯ, ಅದರಲ್ಲಿ ಒಂದು ದಿನವೂ ತಪ್ಪಬಾರದು. ಬಾಡಿಗೆ ಮನೆಯ ಕತೆ ಬೇರೆ: ಮಾಲೀಕರು ಒಪ್ಪದಿದ್ದರೆ ಒತ್ತಾಯಿಸಲು ಕಾನೂನಿನ ಆಸರೆ ತೆಳು. ಕುವೆಂಪುನಗರವೋ ಬೋಗಾದಿಯೋ, ಕರಾರಿನಲ್ಲಿ ನಾಯಿಯ ಬಗ್ಗೆ ಒಂದು ಸಾಲು ಬರೆಸದೆ ಅಡ್ವಾನ್ಸ್ ಕೊಡಬೇಡಿ.

ಕೆಲಸದ ಜಾಗದಲ್ಲಿ ಸರ್ಕಾರಿ ಕಚೇರಿಯಾದರೆ ಹೊಂದಾಣಿಕೆ ಕೇಳಲು ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 20 ಇದೆ, ಜೊತೆಗೆ ಸೆಕ್ಷನ್ 23ರಂತೆ ನೇಮಕವಾದ ಕುಂದುಕೊರತೆ ಅಧಿಕಾರಿ. ಖಾಸಗಿಯಾದರೆ ಸೆಕ್ಷನ್ 21ರ ಸಮಾನ ಅವಕಾಶ ನೀತಿಯ ಪ್ರತಿ ಕೇಳಿ. ಕಾಲೇಜು, ವಿಶ್ವವಿದ್ಯಾಲಯಕ್ಕೆ ಸೆಕ್ಷನ್ 16: ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಸಂಸ್ಥೆ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಲೇಬೇಕು. ನನ್ನ ಅಂದಾಜಿನಲ್ಲಿ ಇಂಥ ಮೊಕದ್ದಮೆ ಗೆಲ್ಲಲು ಅತಿ ಒಳ್ಳೆಯ ಜಾಗ ಇದೇ, ಏಕೆಂದರೆ ಇಲ್ಲಿ ಕಾನೂನಿನ ಮಾತು ನೇರವಾಗಿದೆ. ಹೋಟೆಲು, ಅಂಗಡಿಗಳಲ್ಲಿ ಅಷ್ಟು ನೇರವಿಲ್ಲ. ಅಡುಗೆಮನೆಯೊಳಗೆ ಪ್ರಾಣಿ ಬರಬಾರದೆಂಬ ಆಹಾರ ಸುರಕ್ಷತೆಯ ನಿಯಮವನ್ನು ಅವರು ಊಟದ ಹಾಲ್‌ಗೂ ಎಳೆಯುತ್ತಾರೆ. ಗೋಡೆ ಬದಿಯ ಮೂಲೆ ಮೇಜು, ಜನ ಕಡಿಮೆ ಇರುವ ಹೊತ್ತು, ಹಿಂದಿನ ದಿನವೇ ಒಂದು ಫೋನು, ಇಷ್ಟರಿಂದ ಜಗಳಕ್ಕಿಂತ ಹೆಚ್ಚು ಸಾಧ್ಯವಾಗುತ್ತದೆ.

ಆಸ್ಪತ್ರೆಯ ಐಸಿಯು, ಶಸ್ತ್ರಚಿಕಿತ್ಸೆ ಕೊಠಡಿ, ಸುಟ್ಟಗಾಯದ ವಾರ್ಡಿಗೆ ಕೇಳಲೇಬೇಡಿ, ಸೋಂಕಿನ ಕಾರಣ ನ್ಯಾಯವಾದದ್ದು. ಚಾಮರಾಜೇಂದ್ರ ಮೃಗಾಲಯವೂ ಹಾಗೆಯೇ: ನಾಯಿಯ ಡಿಸ್ಟೆಂಪರ್ ರೋಗ ಹುಲಿ ಸಿಂಹಗಳಿಗೂ ತಗಲುತ್ತದೆ, ನಾಯಿಯ ವಾಸನೆಗೆ ಜಿಂಕೆಗಳು ಬೆದರುತ್ತವೆ. ಅಮೆರಿಕದ ಮೃಗಾಲಯಗಳಲ್ಲೂ ಕೆಲವು ಭಾಗಗಳಿಗೆ ಸರ್ವಿಸ್ ಡಾಗ್ ಬಿಡದಿರಲು ಅವಕಾಶ ಇದೆ. ದೇವಸ್ಥಾನದ ಗರ್ಭಗುಡಿಯವರೆಗೆ ನಾಯಿ ಹೋಗುವ ಮಾತು ಸದ್ಯಕ್ಕೆ ದೂರ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಪೂಜೆಗೊಳ್ಳುವ ಕಾಲಭೈರವನ ವಾಹನವೇ ನಾಯಿ ಎಂಬುದು ಮಂಡ್ಯದ ಕಡೆಯವರಿಗೆ ಗೊತ್ತಿರುವುದೇ. ಆದರೂ ಹೊರ ಪ್ರಾಕಾರದಲ್ಲಿ ಕೂರಲು ಆಡಳಿತದವರ ಒಪ್ಪಿಗೆಯನ್ನು ಮೊದಲೇ ಕೇಳುವುದೇ ಸರಿ.

ಈಚೆಗೆ ಗೇಟುಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: ‘ಸುಪ್ರೀಂ ಕೋರ್ಟೇ ನಾಯಿ ಬಿಡಬೇಡಿ ಅಂದಿದೆ.’ 2025ರ ನವೆಂಬರ್ 7ರ ಆ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆಯುವ ಬಗ್ಗೆ. ಹಗ್ಗದಲ್ಲಿರುವ, ಲಸಿಕೆಯಾದ, ಒಡೆಯರ ಜೊತೆಗಿರುವ ನಾಯಿಗೆ ಅದನ್ನು ಅನ್ವಯಿಸುವುದು ತಪ್ಪು. ಇದನ್ನು ಮೆಲುದನಿಯಲ್ಲಿ ಒಂದೇ ಸಲ ಹೇಳಿ.

ತಡೆದಾಗ

ಮೊದಲ ಭೇಟಿಗೆ ಒಂದು ವಾರ ಮುಂಚೆ ಕಾಗದ ಹೋಗಿರಬೇಕು. ಒಂದೇ ಪುಟ: ಯಾವ ದಿನ, ಎಷ್ಟು ಹೊತ್ತು, ನಾಯಿ ಎಲ್ಲಿ ಕೂರುತ್ತದೆ, ಯಾವ ಕೆಲಸ ಮಾಡುತ್ತದೆ, ಹಗ್ಗ 4 ಅಡಿಗಿಂತ ಉದ್ದ ಇರುವುದಿಲ್ಲ, ಏನಾದರೂ ಗಲೀಜಾದರೆ ನಾವೇ ಸ್ವಚ್ಛ ಮಾಡುತ್ತೇವೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬೇಡ ಎಂದರೆ ‘ಬೇಡ’ವನ್ನೂ ಬರವಣಿಗೆಯಲ್ಲಿ ಕೇಳಿ. ಕೆಎಸ್‌ಆರ್‌ಟಿಸಿಯದ್ದೋ ರೈಲ್ವೆಯದ್ದೋ ನಿಯಮದ ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ, 30 ದಿನದ ಗಡುವು. ರಾಜ್ಯದ ಕಚೇರಿಗೆ ಹೋಗುವ ಅರ್ಜಿ ಕರ್ನಾಟಕದ ನಿಯಮದಂತೆ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ.

ಆಮೇಲೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 80ರಡಿ ದೂರು. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಆಯುಕ್ತರ ಶಿಫಾರಸು ಬಂದ ಮೂರು ತಿಂಗಳೊಳಗೆ ಆ ಪ್ರಾಧಿಕಾರ ಏನು ಕ್ರಮ ಕೈಗೊಂಡಿತು ಎಂದು ತಿಳಿಸಬೇಕು. ಅದು ಶಿಫಾರಸೇ ಹೊರತು ಡಿಕ್ರಿ ಅಲ್ಲ, ಆದರೆ ಹೈಕೋರ್ಟಿಗೆ ಹೋದರೆ ಅದೇ ಬೆನ್ನೆಲುಬು. ಸಾರ್ವಜನಿಕವಾಗಿ ‘ಹುಚ್ಚ’, ‘ಹುಚ್ಚಿ’ ಎಂದು ಬೇಕೆಂದೇ ಅವಮಾನಿಸಿದರೆ ಅದು ಸೆಕ್ಷನ್ 92ರ ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ವಿಕಲಚೇತನರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಇಷ್ಟೆಲ್ಲ ಹಕ್ಕಿನ ಮಾತು ನಾಯಿ ಒಮ್ಮೆ ಕಚ್ಚಿದರೆ ಬಿದ್ದುಹೋಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 291 ಪ್ರಾಣಿಯ ವಿಷಯದಲ್ಲಿನ ನಿರ್ಲಕ್ಷ್ಯಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಊರಿನ ಎಲ್ಲ ಗೇಟುಗಳೂ ಮುಂದಿನವರಿಗೂ ಮುಚ್ಚುತ್ತವೆ. ಬೆದರುವ ನಾಯಿಯನ್ನು ಹೊರಗೆ ತರಲೇಬೇಡಿ. ದಸರೆಗೆ ಮುನ್ನ ಆನೆ ಕುದುರೆಗಳಿಗೆ ಸಿಡಿಮದ್ದಿನ ತಾಲೀಮು ಕೊಡುತ್ತಾರಲ್ಲ, ನಾಯಿಗೂ ಅದೇ ದಾರಿ: ಮೊದಲು ಮೊಬೈಲಿನಲ್ಲಿ ಸಣ್ಣ ದನಿಯ ಪಟಾಕಿ ಸದ್ದು, ಜೊತೆಗೆ ಊಟ, ತಿನ್ನುವುದು ನಿಂತರೆ ದನಿ ಇಳಿಸಿ, ಎರಡು ದಿನ ಹಿಂದಿನ ಮಟ್ಟಕ್ಕೆ ಮರಳಿ. ಎಷ್ಟೇ ತಾಲೀಮಾದರೂ ಜಂಬೂಸವಾರಿಯ ದಿನ, ದೀಪಾವಳಿಯ ರಾತ್ರಿ ನಾಯಿ ಮನೆಯಲ್ಲಿರಲಿ. ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ಕೊನೆಯದೊಂದು ಕಾಗದ ಉಳಿದಿದೆ, ಬಹಳ ಜನ ಅದನ್ನು ಬರೆದಿಡುವುದಿಲ್ಲ. ಒಡೆಯರು ದಿಢೀರನೆ ಆಸ್ಪತ್ರೆಗೆ ದಾಖಲಾದರೆ ನಾಯಿ ಯಾರ ಮನೆಗೆ? ಮನೋರೋಗ ವಾರ್ಡಿನಲ್ಲಿ ಅದಕ್ಕೆ ಜಾಗ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಇಬ್ಬರು ನೆರವಿನವರ ಹೆಸರು, ಫೋನು, ದಿನದ ಊಟದ ಅಳತೆ, ಆಜ್ಞೆಯ ಪದಗಳು, ಪಶುವೈದ್ಯರ ನಂಬರು ಒಂದು ಹಾಳೆಯಲ್ಲಿ ಬರೆದು, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೀವು ನೇಮಿಸಿಕೊಂಡ ಪ್ರತಿನಿಧಿಯ ಕೈಗೆ ಒಂದು ಪ್ರತಿ ಕೊಡಿ. ಇನ್ನೊಂದನ್ನು ನಾಯಿಯ ಪಟ್ಟಿಯ ಜೇಬಿನಲ್ಲಿ ನೀರು ತಾಗದಂತೆ ಇಡಿ. ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಬರೆದಿರಲಿ. ಅದು ಹಗಲೂ ರಾತ್ರಿಯೂ ಕನ್ನಡದಲ್ಲಿ ಉತ್ತರಿಸುತ್ತದೆ.